ದಾವಣಗೆರೆಯಿಂದ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ಗೆ: ಸ್ಟ್ರೆಂಗ್ತ್ ಕೋಚ್ ಆಗುವ ದಾರಿಯಲ್ಲಿ ನಾನು ಕಂಡದ್ದು

2025ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ನನ್ನ ಎಚ್-1ಬಿ ವೀಸಾ ಅರ್ಜಿ ಮಂಜೂರಾಯಿತು. ಅಮೆರಿಕದ ಓಹಾಯೊ ರಾಜ್ಯದ ಒಂದು ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ನಾನೀಗ ಸ್ಟ್ರೆಂಗ್ತ್ ಅಂಡ್ ಕಂಡೀಷನಿಂಗ್ ಕೋಚ್. ಸುದ್ದಿ ತಿಳಿದ ಮೇಲೆ ಫಿಸಿಯೋಥೆರಪಿ ಓದುತ್ತಿರುವವರು, ಬಿ.ಪಿ.ಇಡಿ ಮುಗಿಸಿದವರು ಹಲವರು ಊರಿನಿಂದ ಫೋನು ಮಾಡಿ ದಾರಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡುವುದು ಲೇಸು ಅನ್ನಿಸಿತು. ನಾನು ಹೊರಟಾಗ ಇದನ್ನೆಲ್ಲ ಹೇಳುವವರು ನನಗೆ ಯಾರೂ ಸಿಕ್ಕಿರಲಿಲ್ಲ.

ಮೊದಲೇ ಒಂದು ಮಾತು. ಇಲ್ಲಿ ನನ್ನನ್ನು ಹಣ್ಣುಗಾಯಿ ಮಾಡಿದ್ದು ಎರಡು ಕ್ಯಾಲೆಂಡರುಗಳು. ಬ್ಯಾಸ್ಕೆಟ್‌ಬಾಲ್ ಋತುವಿಗೆ ಒಂದು ಕ್ಯಾಲೆಂಡರ್ ಇದೆ, ವೀಸಾಕ್ಕೆ ಇನ್ನೊಂದು. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಮುಂದೆ ಹೇಳುವ ತೊಡಕುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟಿದವು.

ಈ ಕೆಲಸ ಏನೆಂದು ಕ್ರಿಕೆಟ್ ನೋಡುವವರಿಗೆ ವಿವರಿಸಬೇಕಿಲ್ಲ. ಭಾರತ ತಂಡಕ್ಕೂ ನಮ್ಮ ಆರ್‌ಸಿಬಿಗೂ ದುಡಿದ ಶಂಕರ್ ಬಾಸು ಅವರ ಹೆಸರು ಕೇಳಿಯೇ ಇರುತ್ತೀರಿ. ಆಟಗಾರರ ಬಲ, ಜಿಗಿತ, ಓಟ, ದಣಿವು, ಚೇತರಿಕೆ, ಗಾಯದ ನಂತರ ಅಂಕಣಕ್ಕೆ ಮರಳುವಿಕೆ ಇವೆಲ್ಲ ಸ್ಟ್ರೆಂಗ್ತ್ ಕೋಚ್‌ಗೆ ಸೇರಿದ್ದು. ಅಮೆರಿಕದ ಕಾಲೇಜುಗಳಲ್ಲಿ ಇದು ಸಂಬಳದ ಉದ್ಯೋಗವಾಗಿದ್ದು 1969ರಲ್ಲಿ, ನೆಬ್ರಾಸ್ಕಾ ವಿಶ್ವವಿದ್ಯಾಲಯ ಬಾಯ್ಡ್ ಎಪ್ಲಿ ಅವರನ್ನು ನೇಮಿಸಿಕೊಂಡಾಗ ಎಂದು ಹೇಳುತ್ತಾರೆ. ಅವರೇ 1978ರಲ್ಲಿ ಸ್ಟ್ರೆಂಗ್ತ್ ಕೋಚ್‌ಗಳ ಎನ್‌ಎಸ್‌ಸಿಎ ಸಂಘವನ್ನು ಕಟ್ಟಿದರು.

ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಹುದ್ದೆಗೆ ಇಷ್ಟು ತೂಕ ಬರಲು ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮಗಳೂ ಕಾರಣ. ಋತುವಿನಲ್ಲಿ ಆಟಗಾರ್ತಿಯರನ್ನು ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆಗಿಂತ ಹೆಚ್ಚು ತೊಡಗಿಸುವಂತಿಲ್ಲ, ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು ಕೊಡಬೇಕು. ಋತುವಿನ ಹೊರಗೆ ವಾರಕ್ಕೆ 8 ಗಂಟೆ ಮಾತ್ರ. ಆ 8 ಗಂಟೆಯಲ್ಲಿ ದೊಡ್ಡ ಪಾಲು ವೇಟ್ ರೂಮಿನದು. ಹಾಗಾಗಿ ಬೇಸಿಗೆಯಲ್ಲಿ ಈ ಹುಡುಗಿಯರು ಮುಖ್ಯ ಕೋಚ್‌ಗಿಂತ ಹೆಚ್ಚು ಹೊತ್ತು ನಮ್ಮೊಂದಿಗೇ ಇರುತ್ತಾರೆ. ಯಾರು ಊಟ ಬಿಟ್ಟಿದ್ದಾರೆ, ಯಾರಿಗೆ ನಿದ್ದೆಯಿಲ್ಲ, ಯಾರು ಮಂಡಿನೋವನ್ನು ಮುಚ್ಚಿಡುತ್ತಿದ್ದಾರೆ ಎಂಬುದು ಮೊದಲು ನಮಗೇ ಗೊತ್ತಾಗುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದೇ.

ನಾನು ಓದಿದ್ದು ಬಿ.ಪಿ.ಟಿ, ಅಂದರೆ ಫಿಸಿಯೋಥೆರಪಿ ಪದವಿ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ಗೆಳತಿಯರೊಂದಿಗೆ ಹೋಗಿದ್ದೆ. ಭಾರತ ಬಿ ವಿಭಾಗ ಗೆದ್ದ ಟೂರ್ನಿ ಅದು. ಪಂದ್ಯಕ್ಕಿಂತ ಮುಂಚಿನ ಅರ್ಧ ಗಂಟೆಯಲ್ಲಿ ವಿದೇಶಿ ತಂಡಗಳು ಬೆವರು ಬರಿಸಿಕೊಳ್ಳುತ್ತಿದ್ದ ಕ್ರಮವೇ ನನ್ನ ತಲೆಯಲ್ಲಿ ಉಳಿಯಿತು. ನಾಲ್ಕು ವರ್ಷ ಆಸ್ಪತ್ರೆಯಲ್ಲಿ ಗಾಯವಾದ ಮೇಲಿನ ಮಂಡಿಗಳನ್ನು ನೋಡಿದೆ. ಗಾಯಕ್ಕೆ ಮುಂಚೆಯೇ ಆ ಮಂಡಿಗಳ ಜೊತೆ ಕೆಲಸ ಮಾಡಬೇಕೆಂಬ ಆಸೆ ಹೆಚ್ಚುತ್ತ ಹೋಯಿತು.

ಇನ್ನು ದಾಖಲೆಗಳು. ನಮ್ಮ ಮೂರು ವರ್ಷದ ಪದವಿಯನ್ನು ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಪೂರ್ಣ ಪದವಿಯೆಂದು ಒಪ್ಪುವುದಿಲ್ಲ. ಬಿ.ಪಿ.ಟಿ ಅವಧಿ ನಾಲ್ಕು ವರ್ಷಕ್ಕೂ ಹೆಚ್ಚಾದ್ದರಿಂದ ನನಗೆ ಆ ತೊಂದರೆ ಬರಲಿಲ್ಲ. ಬಿ.ಎಸ್ಸಿ ಮಾಡಿ ಆಮೇಲೆ ಬಿ.ಪಿ.ಇಡಿ ಮಾಡಿದವರು ಎರಡರ ಅಂಕಪಟ್ಟಿಗಳನ್ನೂ ಒಟ್ಟಿಗೆ ಮೌಲ್ಯಮಾಪನಕ್ಕೆ ಕಳಿಸಿ. ನನ್ನ ಅಂಕಪಟ್ಟಿಗಳನ್ನು ವಿದೇಶಿ ಪದವಿಗಳ ಮೌಲ್ಯಮಾಪನ ಮಾಡುವ ಡಬ್ಲ್ಯುಇಎಸ್ ಸಂಸ್ಥೆಗೆ ಕಳಿಸಬೇಕಿತ್ತು. ಅದಕ್ಕೆ ವಿಶ್ವವಿದ್ಯಾಲಯವೇ ಮೊಹರು ಹಾಕಿದ ಲಕೋಟೆ ಬೇಕು. ಕಚೇರಿಯಲ್ಲಿ ಒಮ್ಮೆ ಸಹಿ ಮಾಡುವವರು ಇರುತ್ತಿರಲಿಲ್ಲ, ಇನ್ನೊಮ್ಮೆ ಚಲನ್ ಹಳೆಯದಾಗಿದೆ ಎನ್ನುತ್ತಿದ್ದರು. ದಾವಣಗೆರೆಯಿಂದ ಬೆಂಗಳೂರಿಗೆ ರಾತ್ರಿ ಬಸ್ ಹಿಡಿದು ಬೆಳಿಗ್ಗೆ ಕಿಟಕಿ ತೆರೆಯುವ ಮುನ್ನ ಸಾಲಿನಲ್ಲಿ ನಿಲ್ಲುವುದು ಅಪ್ಪನಿಗೂ ನನಗೂ ರೂಢಿಯಾಗಿಬಿಟ್ಟಿತು. ಒಂದು ಸಲಹೆ: ಅರ್ಜಿ ಹಾಕುವ ವಿಶ್ವವಿದ್ಯಾಲಯಗಳ ಸಂಖ್ಯೆಗಿಂತ ಎರಡು ಲಕೋಟೆ ಹೆಚ್ಚೇ ಮಾಡಿಸಿಕೊಳ್ಳಿ, ಮೊಹರು ಒಡೆಯಬೇಡಿ. ಅದರಲ್ಲಿ ಒಂದು ಮೂರು ವರ್ಷದ ನಂತರ ನನ್ನ ಎಚ್-1ಬಿ ಅರ್ಜಿಗೆ ಬೇಕಾಯಿತು.

ಅಮೆರಿಕದಲ್ಲಿ ಸ್ನಾತಕೋತ್ತರ ಓದಿಗೆ ಪ್ರವೇಶ ಒಂದು, ಓದುತ್ತಲೇ ದುಡಿಯುವ ಗ್ರಾಜುಯೇಟ್ ಅಸಿಸ್ಟೆಂಟ್ ಹುದ್ದೆ ಇನ್ನೊಂದು. ಇದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಪ್ರವೇಶ ಕೊಡುವುದು ವ್ಯಾಯಾಮ ವಿಜ್ಞಾನ ವಿಭಾಗ. ಶುಲ್ಕ ಮನ್ನಾ ಮಾಡಿ ತಿಂಗಳ ಭತ್ಯೆ ಕೊಡುವ ಹುದ್ದೆ ಇರುವುದು ಕ್ರೀಡಾ ವಿಭಾಗದಲ್ಲಿ. ಈ ಎರಡು ಕಚೇರಿಗಳು ಪರಸ್ಪರ ಮಾತಾಡಿಕೊಳ್ಳುತ್ತವೆ ಎಂದು ನಂಬಿ ಕೂರಬಾರದು. ನಾನು ಸ್ಟ್ರೆಂಗ್ತ್ ಕೋಚ್‌ಗಳಿಗೆ ನೇರವಾಗಿ ಇಮೇಲ್ ಬರೆದೆ, ಜೊತೆಗೆ ನಮ್ಮೂರ ಹುಡುಗಿಯರಿಗೆ ತರಬೇತಿ ಕೊಡುತ್ತಿದ್ದ ಒಂದು ಚಿಕ್ಕ ವಿಡಿಯೋ ಇಟ್ಟೆ. ಬಹಳಷ್ಟು ಪತ್ರಗಳಿಗೆ ಉತ್ತರವಿಲ್ಲ. ಉತ್ತರ ಬಂದ ಕಡೆಯಲ್ಲೆಲ್ಲ ಅವರು ಮೊದಲು ನೋಡಿದ್ದು ವಿಡಿಯೋವನ್ನೇ. ಇಂಡಿಯಾನಾದ ಒಂದು ಮಧ್ಯಮ ಗಾತ್ರದ ವಿಶ್ವವಿದ್ಯಾಲಯ ನಮ್ಮ ನಸುಕಿನ ಹೊತ್ತಿಗೆ ಸಂದರ್ಶನ ಮಾಡಿ 2022ರ ಆಗಸ್ಟ್‌ಗೆ ಸ್ಥಾನ ಕೊಟ್ಟಿತು.

ಆ ವರ್ಷ ವೀಸಾ ಸಂದರ್ಶನದ ದಿನಾಂಕ ಸಿಗುವುದೇ ಒಂದು ತಪಸ್ಸು. ಬೆಂಗಳೂರಿನಲ್ಲಿ ಆಗ ಅಮೆರಿಕದ ಕಾನ್ಸುಲೇಟ್ ಇರಲಿಲ್ಲ, ನಮಗೆಲ್ಲ ಚೆನ್ನೈ ಅಥವಾ ಹೈದರಾಬಾದ್. ವಿದೇಶಿ ವಿದ್ಯಾರ್ಥಿಗಳ ನೋಂದಣಿಗೆ ಕಟ್ಟುವ ಸೆವಿಸ್ ಶುಲ್ಕ 350 ಡಾಲರ್, ವೀಸಾ ಶುಲ್ಕ ಆಗ 160 ಡಾಲರ್. 2023ರ ಜೂನ್‌ನಿಂದ ಅದು 185 ಆಗಿದೆ. ಚೆನ್ನೈನಲ್ಲಿ ಅಧಿಕಾರಿ ಕೇಳಿದ ಮುಖ್ಯ ಪ್ರಶ್ನೆ, ಈ ಓದು ಮುಗಿಸಿ ಏನು ಮಾಡುತ್ತೀರಿ ಎಂಬುದು. ಶುಲ್ಕ ಮನ್ನಾ ಪತ್ರ, ಅಪ್ಪನ ಬ್ಯಾಂಕ್ ಪತ್ರ, ಆಸ್ಪತ್ರೆಯ ಸೇವಾ ಪ್ರಮಾಣಪತ್ರ ಎಲ್ಲವನ್ನೂ ಜೋಡಿಸಿಕೊಂಡು ಹೋಗಿದ್ದೆ. ಅವರು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ಐ-20ಯ ಬಗ್ಗೆ ಇಲ್ಲಿ ನಿಂತು ಹೇಳಲೇಬೇಕು. ಅದರಲ್ಲಿ ನಿಮ್ಮ ಕೋರ್ಸಿನ ವಿಷಯವನ್ನು ಗುರುತಿಸುವ ಒಂದು ಸಿಐಪಿ ಸಂಖ್ಯೆ ಇರುತ್ತದೆ. 26.0908 ಎಂದಿದ್ದರೆ ಅದು ಜೀವವಿಜ್ಞಾನದ ಗುಂಪಿಗೆ ಸೇರಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಬರುತ್ತದೆ, ಓದಿನ ನಂತರ ಕೆಲಸ ಮಾಡಲು ಸಿಗುವ ಒಂದು ವರ್ಷದ ಓಪಿಟಿ ಅನುಮತಿಯ ಮೇಲೆ ಇನ್ನೂ 24 ತಿಂಗಳು ಕೆಲಸ ಮಾಡಲು ಅವಕಾಶವಿದೆ. 31.0505 ಎಂದಿದ್ದರೆ ಆ ಒಂದು ವರ್ಷ ಮಾತ್ರ. ಪಾಠಗಳು ಹೆಚ್ಚುಕಡಿಮೆ ಒಂದೇ, ಪುಸ್ತಕಗಳೂ ಒಂದೇ. ನನ್ನದು ಎರಡನೆಯದು. ಸೇರುವ ಮುನ್ನವೇ ವಿಭಾಗಕ್ಕೆ ಪತ್ರ ಬರೆದು ಸಂಖ್ಯೆ ಕೇಳಿ. ಎರಡು ವಿಶ್ವವಿದ್ಯಾಲಯಗಳು ಸಮಾನವಾಗಿ ಕಂಡರೆ ಇದೊಂದೇ ಕಾರಣಕ್ಕೆ 26.0908 ಇರುವುದನ್ನು ಆರಿಸಿ.

ಇಂಡಿಯಾನಾದಲ್ಲಿ ಬ್ಯಾಸ್ಕೆಟ್‌ಬಾಲ್ ಮನೆಮನೆಯ ಮಾತು. ಜೋಳದ ಹೊಲಗಳ ನಡುವೆ ಒಂದೊಂದು ಮನೆಯ ಮುಂದೆಯೂ ಬುಟ್ಟಿ ತೂಗುಹಾಕಿದ ಕಂಬ. ನಾನು ಬಂದು ಎರಡು ವರ್ಷಕ್ಕೆ ಕಾಲೇಜು ಬ್ಯಾಸ್ಕೆಟ್‌ಬಾಲ್ ತಾರೆ ಕೈಟ್ಲಿನ್ ಕ್ಲಾರ್ಕ್ ಇಂಡಿಯಾನಾ ಫೀವರ್ ಎಂಬ ವೃತ್ತಿಪರ ತಂಡ ಸೇರಿದರು. ಅದೇ 2024ರಲ್ಲಿ ಕಾಲೇಜು ಮಹಿಳೆಯರ ಫೈನಲ್ ಪಂದ್ಯವನ್ನು ಟಿ.ವಿ.ಯಲ್ಲಿ ಪುರುಷರ ಫೈನಲ್‌ಗಿಂತ ಹೆಚ್ಚು ಜನ ನೋಡಿದರು. ಮಹಿಳಾ ತಂಡದೊಂದಿಗೆ ದುಡಿಯುತ್ತಿದ್ದ ನಮಗೆಲ್ಲ ಅದು ದೊಡ್ಡ ಹಬ್ಬ.

ಬಂದ ಹೊಸದರ ತೊಂದರೆಗಳು ಚಿಕ್ಕವು, ಆದರೆ ಕಚ್ಚುತ್ತವೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ ಕ್ರೀಡಾ ವಿಭಾಗದ ನೇಮಕ ಪತ್ರ, ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಪತ್ರ ಎರಡೂ ಬೇಕು. ಅವೆರಡು ಕೈಸೇರಿ, ಸಂಖ್ಯೆ ಬಂದು, ಮೊದಲ ಭತ್ಯೆ ಖಾತೆಗೆ ಬೀಳುವ ಹೊತ್ತಿಗೆ ಊರಿನಿಂದ ತಂದ ಹಣ ಕರಗಿತ್ತು. ಎರಡು ತಿಂಗಳ ಖರ್ಚಿಗಾಗುವಷ್ಟು ಹಣವನ್ನು ಬೇರೆಯಾಗಿ ತನ್ನಿ. ವೇಟ್ ರೂಮಿನ ಬಾಗಿಲು ತೆರೆಯುವುದು ಬೆಳಗಿನ ಐದೂವರೆಗೆ. ಆ ಹೊತ್ತಿಗೆ ಬಸ್ ಇಲ್ಲ. ಬಾಡಿಗೆ ಸ್ವಲ್ಪ ಹೆಚ್ಚಾದರೂ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿಯಿರಿ. ಜನವರಿಯ ಹಿಮದಲ್ಲಿ ಆ ಕತ್ತಲೆಯಲ್ಲಿ ನಡೆದವರಿಗೆ ಅದರ ಬೆಲೆ ತಿಳಿಯುತ್ತದೆ.

ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಸ್ಟ್ರೆಂಗ್ತ್ ಕೋಚ್ ಜಗತ್ತಿನಲ್ಲಿ 20 ಗಂಟೆ ಎಂದರೆ ಬುಧವಾರಕ್ಕೇ ಮುಗಿಯುವ ಲೆಕ್ಕ. ಇಲ್ಲಿನ ಹುಡುಗರು ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಲ್ಲೇ ಇದ್ದು ಹಿರಿಯರ ಮೆಚ್ಚುಗೆ ಗಳಿಸುತ್ತಾರೆ. ನಾವು ಹಾಗೆ ಇರುವಂತಿಲ್ಲ, ಸಂಬಳವಿಲ್ಲದೆ ಇರುತ್ತೇನೆ ಎಂದರೂ ವೀಸಾ ನಿಯಮ ಮುರಿದ ಆರೋಪ ಬರಬಹುದು. ಮೊದಲ ವಾರವೇ ನನ್ನ ಮೇಲಧಿಕಾರಿಯನ್ನೂ ಅಂತರರಾಷ್ಟ್ರೀಯ ಕಚೇರಿಯವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆ. ಪ್ರಾಕ್ಟಿಕಮ್, ಅಂದರೆ ಓದಿನ ಭಾಗವಾದ ಪ್ರಾಯೋಗಿಕ ತರಬೇತಿಯ ಗಂಟೆಗಳನ್ನು ಕೋರ್ಸ್ ಆಗಿ ನೋಂದಾಯಿಸಿ, ಯಾವ ಗಂಟೆ ಹುದ್ದೆಯದು, ಯಾವುದು ಓದಿನದು ಎಂದು ಲಿಖಿತವಾಗಿ ಮಾಡಿಸಿಕೊಂಡೆ. ಕಾಲೇಜು ಕೋಚ್‌ಗಳ ಸಂಘವಾದ ಸಿಎಸ್‌ಸಿಸಿಎ ಕೊಡುವ ಎಸ್‌ಸಿಸಿಸಿ ಪ್ರಮಾಣಪತ್ರಕ್ಕೆ 640 ಗಂಟೆಗಳ ಪ್ರಾಕ್ಟಿಕಮ್ ಬೇಕು. ಅದನ್ನು ಬಯಸುವವರಿಗೂ ಈ ಲಿಖಿತ ಲೆಕ್ಕ ನೆರವಾಗುತ್ತದೆ.

ನಾನು ಆರಿಸಿಕೊಂಡದ್ದು ಎನ್‌ಎಸ್‌ಸಿಎ ನಡೆಸುವ ಸಿಎಸ್‌ಸಿಎಸ್ ಪರೀಕ್ಷೆ. ಎನ್‌ಸಿಎಎಯ ಮೇಲ್ಮಟ್ಟದ ವಿಭಾಗವಾದ ಡಿವಿಷನ್ 1 ವಿಶ್ವವಿದ್ಯಾಲಯಗಳಲ್ಲಿ ಸ್ಟ್ರೆಂಗ್ತ್ ಕೋಚ್ ಆಗಲು ಮಾನ್ಯತೆ ಪಡೆದ ಪ್ರಮಾಣಪತ್ರ ಕಡ್ಡಾಯ. ಪರೀಕ್ಷೆಯಲ್ಲಿ ಎರಡು ಭಾಗ. ವಿಜ್ಞಾನದ ಭಾಗಕ್ಕೆ ಒಂದೂವರೆ ಗಂಟೆ, ಅನ್ವಯದ ಭಾಗಕ್ಕೆ ಎರಡೂವರೆ ಗಂಟೆ. ಎರಡರಲ್ಲೂ ಪ್ರತ್ಯೇಕವಾಗಿ 70ರ ಅಂಕ ಮುಟ್ಟಬೇಕು. ಪದವಿ ಪ್ರಮಾಣ ಮತ್ತು ಹೃದಯ ನಿಂತಾಗಿನ ತುರ್ತು ನೆರವಿನ ಸಿಪಿಆರ್-ಎಇಡಿ ಪ್ರಮಾಣಪತ್ರ ಇಲ್ಲದೆ ಫಲಿತಾಂಶಕ್ಕೆ ಬೆಲೆಯಿಲ್ಲ. ಫಿಸಿಯೋಥೆರಪಿ ಓದಿದವರಿಗೆ ಸ್ನಾಯು, ಕೀಲು, ಶರೀರಕ್ರಿಯೆ ಸಲೀಸು. ಕಠಿಣವೆನಿಸುವುದು ಎರಡನೆಯ ಭಾಗ: ವಿಡಿಯೋ ತೋರಿಸಿ, ಭಾರವನ್ನು ನೆಲದಿಂದ ಭುಜಕ್ಕೆತ್ತುವ ಪವರ್ ಕ್ಲೀನ್‌ನಲ್ಲಿ ಯಾವ ಹಂತ ತಪ್ಪಿದೆ ಎಂದು ಕೇಳುತ್ತಾರೆ, ವರ್ಷದ ಯೋಜನೆಯಲ್ಲಿ ಯಾವ ತಿಂಗಳು ಎಷ್ಟು ಭಾರ, ಎಷ್ಟು ಪುನರಾವರ್ತನೆ ಎಂದು ಕೇಳುತ್ತಾರೆ, ಕೋಣೆಯಲ್ಲಿ ಉಪಕರಣಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂದೂ ಕೇಳುತ್ತಾರೆ. ಪುಸ್ತಕದಿಂದ ಮಾತ್ರ ಬರುವ ಉತ್ತರಗಳಲ್ಲ ಇವು. ಒಂದು ಋತು ವೇಟ್ ರೂಮಿನಲ್ಲಿ ನಿಂತ ಮೇಲೆ ಬರೆಯುವುದು ಒಳ್ಳೆಯದು. ಭಾರವನ್ನು ಪೌಂಡ್‌ನಲ್ಲಿ ಯೋಚಿಸುವುದನ್ನೂ ರೂಢಿಸಿಕೊಳ್ಳಿ.

ಕೆಲಸದ ಬಗ್ಗೆ ಬರೆಯತೊಡಗಿದರೆ ನನಗೆ ನಿಲ್ಲಿಸುವುದು ಕಷ್ಟ. ಆರಡಿ ಮೂರಂಗುಲದ ಹುಡುಗಿಯ ತೊಡೆಮೂಳೆಯ ಉದ್ದಕ್ಕೆ, ಪುಸ್ತಕದ ಚಿತ್ರದಲ್ಲಿರುವ ಸ್ಕ್ವಾಟ್ ಹೊಂದುವುದಿಲ್ಲ. ಅವಳಿಗೆ ನಡುವೆ ನಿಂತು ಎತ್ತುವ ಟ್ರ್ಯಾಪ್ ಬಾರ್ ಕೊಟ್ಟು, ಹಿಮ್ಮಡಿಯ ಕೆಳಗೆ ಸಣ್ಣ ಹಲಗೆಯಿಟ್ಟು, ತಾಳ್ಮೆಯಿಂದ ಆಳ ಹೆಚ್ಚಿಸಬೇಕು. ಮಹಿಳೆಯರಲ್ಲಿ ಮಂಡಿಯ ಎಸಿಎಲ್ ತಂತು ಹರಿಯುವ ಅಪಾಯ ಅದೇ ಆಟದ ಪುರುಷರಿಗಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ನೆಲಕ್ಕೆ ಇಳಿಯುವ ರೀತಿ, ಒಂದೇ ಕಾಲಿನ ಹಿಡಿತ, ತೊಡೆಯ ಹಿಂಭಾಗದ ಬಲ ಇವುಗಳಿಗೆ ವಾರಕ್ಕೊಮ್ಮೆಯಾದರೂ ಸಮಯ ಕೊಡದೆ ನಾನು ಬಿಡುವುದಿಲ್ಲ. ಪ್ರತಿ ಸೋಮವಾರ ಕಾಲು ಒತ್ತುವ ಬಲವನ್ನು ಅಳೆಯುವ ಫೋರ್ಸ್ ಪ್ಲೇಟ್ ಮೇಲೆ ಜಿಗಿಸುತ್ತೇವೆ. ಎತ್ತರ ಅಷ್ಟೇ ಇದ್ದು ಜಿಗಿಯಲು ತೆಗೆದುಕೊಳ್ಳುವ ಸಮಯ ಹೆಚ್ಚಿದ್ದರೆ ಆಯಾಸವಿದೆ ಎಂದು ಲೆಕ್ಕ ಹಾಕಿ, ಕೋಚ್‌ಗೆ ಹೇಳಿ ಅಭ್ಯಾಸ ತಗ್ಗಿಸುತ್ತೇವೆ.

ರಜೆಯಿಂದ ಮರಳಿದವರನ್ನು ಮೊದಲ ದಿನವೇ ಓಡಿಸಿ ದಂಡಿಸುವ ಹಳೆಯ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. 2011ರಲ್ಲಿ ಐಯೊವಾ ವಿಶ್ವವಿದ್ಯಾಲಯದ 13 ಫುಟ್‌ಬಾಲ್ ಆಟಗಾರರು ರಜೆಯ ನಂತರದ ತೀವ್ರ ವ್ಯಾಯಾಮದಿಂದ ಸ್ನಾಯು ಕರಗುವ ರಾಬ್ಡೊಮಯೊಲಿಸಿಸ್‌ಗೆ ತುತ್ತಾಗಿ ಆಸ್ಪತ್ರೆ ಸೇರಿದ್ದರು. 2019ರಲ್ಲಿ ಎನ್‌ಎಸ್‌ಸಿಎ, ಸಿಎಸ್‌ಸಿಸಿಎ ಎರಡೂ ಸಂಘಗಳು ಸೇರಿ ಒಂದು ಮಾರ್ಗಸೂಚಿ ಹೊರಡಿಸಿದವು. ಓಟದಂಥ ಕಸರತ್ತಿನ ಪ್ರಮಾಣವನ್ನು ಮೊದಲ ವಾರ ಶೇ 50, ಮುಂದಿನ ವಾರಗಳಲ್ಲಿ 30, 20, 10ರಷ್ಟು ಕಡಿತದಲ್ಲಿಟ್ಟು ಏರಿಸಬೇಕು ಎನ್ನುತ್ತದೆ ಅದು. ಈ ಹಾಳೆಯನ್ನು ನನ್ನ ಮೇಜಿನ ಎದುರು ಅಂಟಿಸಿದ್ದೇನೆ. ಊರಿನ ದೈಹಿಕ ಶಿಕ್ಷಕರೂ ಇದನ್ನು ಪಾಲಿಸಬೇಕೆಂಬುದು ನನ್ನ ಕೋರಿಕೆ. ದಸರಾ ರಜೆ ಮುಗಿಸಿ ಬಂದ ಮಕ್ಕಳನ್ನು ಮಧ್ಯಾಹ್ನದ ಬಿಸಿಲಲ್ಲಿ ಮೈದಾನ ಸುತ್ತಿಸುವುದನ್ನು ನಾನೇ ಕಂಡಿದ್ದೇನೆ.

ಈಗ 2024ರ ಮಾರ್ಚ್‌ಗೆ ಬರೋಣ. ಕಾಲೇಜು ಬ್ಯಾಸ್ಕೆಟ್‌ಬಾಲ್ ಋತು ನವೆಂಬರ್‌ನಲ್ಲಿ ಶುರುವಾಗಿ, ಮಾರ್ಚ್‌ನಲ್ಲಿ ಆರಂಭವಾಗುವ ರಾಷ್ಟ್ರೀಯ ಟೂರ್ನಿಯೊಂದಿಗೆ ಏಪ್ರಿಲ್ ಆರಂಭದಲ್ಲಿ ಕೊನೆಗೊಳ್ಳುತ್ತದೆ. ಆ ಟೂರ್ನಿಗೆ ಆಯ್ಕೆಯಾಗದ ತಂಡಗಳಲ್ಲಿ ಮುಖ್ಯ ಕೋಚ್‌ಗಳನ್ನು ಬದಲಿಸುವ ಕಾಲವೂ ಅದೇ. ನಮ್ಮ ಮುಖ್ಯ ಕೋಚ್ ಅವರನ್ನು ಕೈಬಿಟ್ಟರು. ಹೊಸಬರು ಬರುವಾಗ ತಮ್ಮ ಸ್ಟ್ರೆಂಗ್ತ್ ಕೋಚ್‌ನ್ನೂ ಜೊತೆಗೆ ಕರೆತರುವುದು ಇಲ್ಲಿ ಸಾಮಾನ್ಯ. ಓದು ಮುಗಿದ ಮೇಲೆ ನನ್ನನ್ನು ಪೂರ್ಣಾವಧಿಗೆ ತೆಗೆದುಕೊಳ್ಳುತ್ತೇವೆ ಎಂದಿದ್ದವರ ಮಾತಿಗೆ ಒಂದೇ ಬೆಳಗಿನಲ್ಲಿ ಬೆಲೆಯಿಲ್ಲವಾಯಿತು. ಯಾರ ಮೇಲೂ ಸಿಟ್ಟು ಬರಲಿಲ್ಲ, ಅವರೂ ಮನೆ ಖಾಲಿ ಮಾಡುತ್ತಿದ್ದರು. ಭಯ ಮಾತ್ರ ಬಹಳ ಆಯಿತು.

ಓಪಿಟಿ ಅರ್ಜಿಯನ್ನು ಕೋರ್ಸ್ ಮುಗಿಯುವ 90 ದಿನ ಮೊದಲಿನಿಂದ, ಮುಗಿದ 60 ದಿನದೊಳಗೆ ಹಾಕಬೇಕು. ಮೇ ತಿಂಗಳಲ್ಲಿ ಪದವಿ ಪಡೆಯುವವರಿಗೆ ಕಿಟಕಿ ತೆರೆಯುವುದು ಫೆಬ್ರವರಿಯಲ್ಲಿ, ಋತು ಉತ್ತುಂಗದಲ್ಲಿರುವಾಗ. ನಾನು ಫೆಬ್ರವರಿಯಲ್ಲೇ 410 ಡಾಲರ್ ಕಟ್ಟಿ ಹಾಕಿದ್ದೆ. ಏಪ್ರಿಲ್ 1ರಿಂದ ಆನ್‌ಲೈನ್ ಅರ್ಜಿಗೆ 470 ಆಯಿತು. ಓಪಿಟಿ ಯಾವ ದಿನದಿಂದ ಶುರುವಾಗಬೇಕೆಂದು ನೀವೇ ಸೂಚಿಸಬಹುದು, ಕೋರ್ಸ್ ಮುಗಿದ 60 ದಿನದೊಳಗಿನ ಯಾವುದೇ ದಿನ. ಆ ದಿನದಿಂದ ಒಟ್ಟು 90 ದಿನ ನಿರುದ್ಯೋಗಿಯಾಗಿದ್ದರೆ ಅವಕಾಶ ಕಳೆದುಹೋಗುತ್ತದೆ. ಆಗಲೇ ಕೆಲಸ ಖಚಿತವಾಗಿಲ್ಲದಿದ್ದರೆ ಸಾಧ್ಯವಾದಷ್ಟು ತಡವಾದ ದಿನವನ್ನೇ ಬರೆಯಿರಿ. ಹೊಸ ಮುಖ್ಯ ಕೋಚ್‌ಗಳ ನೇಮಕ ಏಪ್ರಿಲ್‌ವರೆಗೆ ನಡೆಯುತ್ತದೆ, ಅವರ ಸಹಾಯಕರ ನೇಮಕ ಬೇಸಿಗೆಯವರೆಗೂ ಎಳೆಯುತ್ತದೆ. ಜುಲೈ ಆರಂಭದ ದಿನ ಬರೆದದ್ದೇ ನನ್ನನ್ನು ಉಳಿಸಿತು.

ಎನ್‌ಸಿಎಎ ಮಾರ್ಕೆಟ್, ಹೈಯರ್‌ಎಡ್‌ಜಾಬ್ಸ್ ಎಂಬ ಎರಡೂ ಉದ್ಯೋಗ ಜಾಲತಾಣಗಳಲ್ಲಿ ದಿನವೂ ಹುಡುಕಿದೆ. ಅರ್ಜಿಗಿಂತ ಕೆಲಸ ಮಾಡುವುದು ಒಬ್ಬ ಕೋಚ್ ಇನ್ನೊಬ್ಬ ಕೋಚ್‌ಗೆ ಮಾಡುವ ಫೋನು. ಕೆಲಸ ಕಳೆದುಕೊಂಡಿದ್ದ ನನ್ನ ಹಳೆಯ ಮೇಲಧಿಕಾರಿಯೇ ನನಗಾಗಿ ಫೋನು ಮಾಡಿದರು. ಆ ಋಣ ದೊಡ್ಡದು. ಓಹಾಯೊದಲ್ಲಿ ಸಂದರ್ಶನವೆಂದರೆ ಇಡೀ ದಿನ: ಬೆಳಿಗ್ಗೆ ಆಟಗಾರ್ತಿಯರ ಒಂದು ಗುಂಪಿಗೆ ಪ್ರತ್ಯಕ್ಷ ತರಬೇತಿ, ಮಧ್ಯಾಹ್ನ ಕ್ರೀಡಾ ವೈದ್ಯಕೀಯದವರ ಪ್ರಶ್ನೆಗಳು, ಸಂಜೆ ಮುಖ್ಯ ಕೋಚ್ ಜೊತೆ ಊಟ. ಹುಡುಗಿಯರ ಹೆಸರುಗಳನ್ನು ಹಿಂದಿನ ರಾತ್ರಿಯೇ ತಂಡದ ಪಟ್ಟಿ ನೋಡಿ ಕಲಿತು ಹೋಗಿದ್ದೆ. ಕೆಲಸ ಸಿಕ್ಕಿದ ಮೇಲೆ ಅವರು ಅದನ್ನೇ ನೆನೆದರು. ಸಂಬಳ ವರ್ಷಕ್ಕೆ 50 ಸಾವಿರ ಡಾಲರ್ ದಾಟಲಿಲ್ಲ. ಸಾಫ್ಟ್‌ವೇರ್ ಸಂಬಳದ ಲೆಕ್ಕ ಇಟ್ಟುಕೊಂಡು ಈ ಕ್ಷೇತ್ರಕ್ಕೆ ಬರಬೇಡಿ.

ಸ್ಟೆಮ್ ವಿಸ್ತರಣೆ ಇಲ್ಲದ ನನಗೆ ಆ ಒಂದು ವರ್ಷದೊಳಗೆ ಎಚ್-1ಬಿ ಆಗಲೇಬೇಕಿತ್ತು. ಕಂಪನಿಗಳ ಎಚ್-1ಬಿ ಅರ್ಜಿಗಳಿಗಿರುವ ಲಾಟರಿ ವಿಶ್ವವಿದ್ಯಾಲಯಗಳಿಗೆ ಇಲ್ಲ, ವರ್ಷದ ಯಾವ ತಿಂಗಳಾದರೂ ಅರ್ಜಿ ಹಾಕಬಹುದು. ಇದೊಂದು ಭಾಗ್ಯ. ಆದರೆ ಕೋಚ್ ಹುದ್ದೆಗೆ ನಿರ್ದಿಷ್ಟ ವಿಷಯದ ಪದವಿ ಏಕೆ ಬೇಕು ಎಂಬುದನ್ನು ಸರ್ಕಾರಕ್ಕೆ ಸಾಬೀತುಪಡಿಸಬೇಕು. ಮಾನವ ಸಂಪನ್ಮೂಲ ವಿಭಾಗದವರು ಮೊದಲು ಕೋಚ್‌ಗಳ ಉದ್ಯೋಗ ಸಂಖ್ಯೆಯಾದ 27-2022ರ ಅಡಿ ಹಾಕಲು ಹೊರಟಿದ್ದರು. ವಕೀಲರು ನನ್ನ ದಿನಚರಿಯನ್ನು ಓದಿ ವ್ಯಾಯಾಮ ಶರೀರಕ್ರಿಯಾ ತಜ್ಞರ 29-1128ನ್ನು ಆರಿಸಿದರು. ಕಾರ್ಮಿಕ ಇಲಾಖೆಯ ವೇತನ ಅನುಮೋದನೆ ಬಂದ ಮೇಲೆ 2025ರ ಮಾರ್ಚ್‌ನಲ್ಲಿ ಅರ್ಜಿ ಹೋಯಿತು. 2,805 ಡಾಲರಿನ ತ್ವರಿತ ಶುಲ್ಕ ಕಟ್ಟಿದ್ದರಿಂದ 15 ಕೆಲಸದ ದಿನಗಳಲ್ಲಿ ಉತ್ತರ ಬಂತು. ಆ ಉತ್ತರ ಮಂಜೂರಾತಿಯಲ್ಲ, ಹೆಚ್ಚಿನ ಪುರಾವೆ ಕೇಳಿದ ಪತ್ರ.

ಆ ಪತ್ರ ಕೈಯಲ್ಲಿದ್ದಾಗಲೇ ತಂಗಿಯ ಮದುವೆ. ಅಮೆರಿಕ ಬಿಟ್ಟು ಹೊರಟರೆ ಎಫ್-1ರಿಂದ ಎಚ್-1ಬಿಗೆ ಸ್ಥಿತಿ ಬದಲಾವಣೆಯ ಕೋರಿಕೆ ರದ್ದಾಗುತ್ತದೆ. ಅಮ್ಮ ಫೋನಿನಲ್ಲಿ, “ನೀನು ಬಾರದಿದ್ದರೆ ಧಾರೆಯ ಹೊತ್ತಿಗೆ ಅವಳ ಪಕ್ಕ ಯಾರೇ ನಿಲ್ಲುತ್ತಾರೆ?” ಎಂದರು. ಉತ್ತರ ಹೊಳೆಯಲಿಲ್ಲ. ಓಹಾಯೊದಲ್ಲಿ ನಡುರಾತ್ರಿ ದಾಟಿದ ಮೇಲೆ ಮೊಬೈಲ್‌ನಲ್ಲಿ ಮುಹೂರ್ತ ನೋಡಿದೆ, ಐದೂವರೆಗೆ ವೇಟ್ ರೂಮಿಗೆ ಹೋದೆ. ಮನೆಯಲ್ಲಿ ಶುಭಕಾರ್ಯವಿರುವ ವರ್ಷ ಅರ್ಜಿ ಹಾಕುವವರು ದಿನಾಂಕ ನಿಶ್ಚಯಿಸುವ ಮುನ್ನವೇ ವಕೀಲರನ್ನು ಕೇಳಿ.

ಪುರಾವೆಯಾಗಿ ನಾವು ಕೊಟ್ಟದ್ದು: ವ್ಯಾಯಾಮ ವಿಜ್ಞಾನದ ಪದವಿ ಬೇಕೆಂದಿದ್ದ ಹುದ್ದೆಯ ಮೂಲ ಜಾಹೀರಾತು, ಎನ್‌ಸಿಎಎ ಪ್ರಮಾಣಪತ್ರ ನಿಯಮದ ಪ್ರತಿ, ಅದೇ ಹುದ್ದೆಯಲ್ಲಿ ಹಿಂದೆ ಇದ್ದವರ ಪದವಿಗಳ ವಿವರ, ಜಿಗಿತದ ದತ್ತಾಂಶ ನೋಡಿ ನಾನು ಬರೆದ ವಾರದ ವರದಿಗಳು, ತಂಡದ ವೈದ್ಯರ ಪತ್ರ, ಬಿ.ಪಿ.ಟಿ ಮೌಲ್ಯಮಾಪನ. ವಾರದ ವರದಿಗಳೇ ಹೆಚ್ಚು ಕೆಲಸ ಮಾಡಿದವು ಎಂದು ವಕೀಲರು ಹೇಳಿದರು. ಮೊದಲ ದಿನದಿಂದಲೇ ನಿಮ್ಮ ಕೆಲಸವನ್ನು ಬರೆದಿಡಿ, ಆಟಗಾರ್ತಿಯರ ಹೆಸರು ತೆಗೆದು ಪ್ರತಿ ಇಟ್ಟುಕೊಳ್ಳಿ.

ಜೂನ್‌ನಲ್ಲಿ ಮಂಜೂರಾತಿ ಬಂತು. ಓಪಿಟಿ ಮುಗಿಯಲು ಕೆಲವೇ ವಾರ ಉಳಿದಿತ್ತು. 2025ರ ಸೆಪ್ಟೆಂಬರ್ 21ರಿಂದ, ಅಮೆರಿಕದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ್ದಾರೆ. ಆ ಶುಲ್ಕ ಇರುವವರೆಗೆ ಭಾರತದಿಂದಲೇ ನೇರವಾಗಿ ಈ ಕೆಲಸಕ್ಕೆ ಬರುವ ಯೋಚನೆ ಬೇಡ. ಇಲ್ಲಿ ಓದಿ ಮುಂದುವರಿಯುವ ದಾರಿಯೇ ಉಳಿದಿರುವುದು. ಕೆಲಸ ಹೋದರೆ ಇನ್ನೊಂದನ್ನು ಹುಡುಕಲು ಎಚ್-1ಬಿಯವರಿಗೆ ಸಿಗುವುದು ಗರಿಷ್ಠ 60 ದಿನ. ಮುಖ್ಯ ಕೋಚ್ ಬದಲಾಗುವ ಪ್ರತಿ ಮಾರ್ಚ್‌ನಲ್ಲೂ ಈ ಲೆಕ್ಕ ನನ್ನ ಮುಂದಿರುತ್ತದೆ. ಹಾಗಾಗಿ ಪ್ರತಿ ಜನವರಿಯಲ್ಲೇ ನನ್ನ ಪರಿಚಯ ಪತ್ರ ಹೊಸದಾಗಿಸಿ, ಮೂವರು ಶಿಫಾರಸುದಾರರೊಡನೆ ಮಾತಾಡಿಟ್ಟುಕೊಳ್ಳುತ್ತೇನೆ.

ಊರಿಗೆ ಹೋದರೆ ಮರಳುವ ಮುನ್ನ ಪಾಸ್‌ಪೋರ್ಟಿಗೆ ಎಚ್-1ಬಿ ಮುದ್ರೆ ಬೀಳಬೇಕು. ಋತುವಿನ ಲೆಕ್ಕದಲ್ಲಿ ನನಗೆ ಬಿಡುವು ಸಿಗುವುದು ಮೇ ತಿಂಗಳಲ್ಲಿ ಮಾತ್ರ, ಜೂನ್‌ನಲ್ಲಿ ಬೇಸಿಗೆ ತರಬೇತಿ ಶುರು. ಚೆನ್ನೈನ ದಿನಾಂಕಕ್ಕಾಗಿ ಈಗಿನಿಂದಲೇ ನೋಡುತ್ತಿದ್ದೇನೆ. ಐ-797 ಮಂಜೂರಾತಿ ಪತ್ರದ ಮೂಲ, ಇತ್ತೀಚಿನ ಸಂಬಳದ ಚೀಟಿಗಳು, ಕ್ರೀಡಾ ವಿಭಾಗದ ಪತ್ರ, ಬಿ.ಪಿ.ಟಿ ಮತ್ತು ಸ್ನಾತಕೋತ್ತರ ಪದವಿಯ ಮೂಲ ಪ್ರತಿಗಳು ಒಂದು ಕಡತದಲ್ಲಿ ಸಿದ್ಧವಾಗಿವೆ. ಪದವಿ ಪತ್ರದಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಹೆಸರಿನ ಮೊದಲಕ್ಷರ ಮಾತ್ರ ಇದ್ದು ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ಣ ಹೆಸರಿದೆ. ಎರಡೂ ಹೆಸರು ಒಬ್ಬಳದೇ ಎಂಬ ಪ್ರಮಾಣಪತ್ರವನ್ನು ದಾವಣಗೆರೆಯ ನೋಟರಿಯಿಂದ ಮಾಡಿಸಿ ಕಳಿಸುವಂತೆ ಕಳೆದ ವಾರ ಅಪ್ಪನಿಗೆ ಹೇಳಿದ್ದೇನೆ. ನಿಮ್ಮ ದಾಖಲೆಗಳಲ್ಲೂ ಹೀಗಿದ್ದರೆ ಅದನ್ನು ಹೊರಡುವ ಮೊದಲೇ ಮಾಡಿಸಿಟ್ಟುಕೊಳ್ಳಿ.